ರೈಲಿಗೊಂದು ತುತ್ತು

ಕಳೆದ ವಾರ ಬದಿಯಡ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹೋಟೆಲಿನ ಹಿಂಬದಿಯಲ್ಲಿ ಯಾರೋ ನುಚ್ಚಕ್ಕಿಗೆ ಬೂತಾಯಿ ಮೀನಿನ ತಲೆ ಹಾಕಿ ಬೇಯಿಸುತ್ತಿದ್ದರು. ನಾಯಿಗಿರಬೇಕು. ಆ ವಾಸನೆ ಬಂದದ್ದೇ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಅತ್ತಿತ್ತ ನಡೆದೆ. ಬಂದ ಬಸ್ಸನ್ನೂ ಬಿಟ್ಟೆ...

ಎರಡು ಸಾವಿರದ ಏಳೋ ಎಂಟೋ. ಹೊಸಂಗಡಿಯ ಹತ್ತಿರ ರೈಲ್ವೆ ಗೇಟಿನ ಪಕ್ಕ ನಮ್ಮ ಬಾಡಿಗೆ ಮನೆ. ಅಂಗಳ ಮುಗಿದಲ್ಲಿ ಹಳಿ. ನಡುವೆ ಬೇಲಿಯ ಹೆಸರಿಗೆ ನಾಲ್ಕು ದಾಸವಾಳದ ಗಿಡ. ಪಕ್ಕದ ಮನೆಯವರು ಅದೇ ಗೇಟಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎಲ್ಲರಿಗೂ ಅವರು 'ಗೇಟಿನವರು'. ನಿವೃತ್ತಿಯ ನಂತರವೂ ರೈಲು ಬರುವ ಮುನ್ನ ಗೇಟಿನಲ್ಲಿ ಗಂಟೆ ಹೊಡೆದ ಕೂಡಲೇ ಎದ್ದು ಬಾಗಿಲಿಗೆ ಬರುತ್ತಿದ್ದರು. ಹೀಗೆ ಬರೆದರೆ ಚೆನ್ನಾಗಿ ಕಾಣುತ್ತದೆ. ದಿನವೂ ಬರುತ್ತಿದ್ದರೋ, ನಾನು ಕಂಡದ್ದು ಎರಡೇ ಸಲವೋ, ಈಗ ಖಾತ್ರಿಯಿಲ್ಲ.

ನನ್ನ ಹೆಂಡತಿ ತವರಿನಿಂದ ಒಂದು ನಾಯಿಮರಿ ತಂದಳು. ನಾನು ಶಾಲೆಯ ಮಾಷ್ಟ್ರು. ಮರಿಗೂ ವೇಳಾಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಏಳಕ್ಕೆ ಹಾಲು, ಒಂದಕ್ಕೆ ಅನ್ನ, ಹೀಗೆ. ಗೇಟಿನವರು ಅದನ್ನು ನಿಧಾನವಾಗಿ ಓದಿ, ಪರೀಕ್ಷೆ ಯಾವಾಗ ಮಾಷ್ಟ್ರೇ ಎಂದು ಕೇಳಿದರು.

ಅವರ ಕ್ರಮ ಬೇರೆ. ಗೇಟಿನ ಗಂಟೆ ಹೊಡೆದಾಗ ಹಿತ್ತಿಲಿನ ದೀಗುಜ್ಜೆ ಮರದ ಬುಡದಲ್ಲಿ ಒಂದು ತುತ್ತು ಮೀನು ಅನ್ನ. ಗಂಟೆ ಹೊಡೆಯದೆ ಏನೂ ಇಲ್ಲ. ಹಗಲಿಡೀ ಅವರೇ ಬಂದು ಇಡುತ್ತಿದ್ದರು. ಎರಡು ವಾರದಲ್ಲಿ ಮರಿ ಗಂಟೆ ಕೇಳಿದ್ದೇ ಹಿತ್ತಿಲಿಗೆ ಓಡತೊಡಗಿತು. ರೈಲು ತಡವಾದರೆ ಅದರ ಊಟವೂ ತಡ. ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಗಂಟೆಗೆ ಮರಿ ಜಿಗಿಯುವುದು, ಕಾಲಿಗೆ ಮರಿ ಸಿಕ್ಕಿ ನಾನು ಮುಗ್ಗರಿಸುವುದು. ನನ್ನ ನಾಯಿಯನ್ನೂ ರೈಲ್ವೆಗೆ ಸೇರಿಸಿದಿರಾ ಎಂದು ಒಂದು ದಿನ ರೇಗಿದೆ.

ಅವರು ಹಳಿಯ ಕಡೆ ನೋಡಿದರು.

"ರೈಲು ಬರುವಾಗ ಅದಕ್ಕೆ ಹಿತ್ತಿಲಲ್ಲಿ ಎಂತಾದರೂ ಕೆಲಸ ಬೇಕಲ್ಲ ಮಾಷ್ಟ್ರೇ. ಇಲ್ಲದಿದ್ದರೆ ಆಚೆಗೆ ಓಡುವುದು. ನಾನು ಹಳಿಯಿಂದ ಎಷ್ಟು ಹೆಕ್ಕಿದ್ದೇನೆ..."

ಅಂದೇ ವೇಳಾಪಟ್ಟಿ ಹರಿದು ಹಾಕಿದೆ.

ಇಲ್ಲಿಯವರೆಗೆ ಬರೆಯುವುದು ಸುಲಭ.

ಒಂದು ಬೆಳಿಗ್ಗೆ ರೈಲು ತಡ. ನನಗೆ ಶಾಲೆಗೆ ಬೇಗ ಹೋಗಬೇಕಿತ್ತು. ಮರಿ ಕಾಲು ಬಿಡದೆ ಕುಂಯಿಗುಟ್ಟುತ್ತಿತ್ತು. ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಹಿಂದಿನ ದಿನದ ಅನ್ನಕ್ಕೆ ಹಾಲು ಸುರಿದು ತಟ್ಟೆ ತುಂಬ ಇಟ್ಟೆ. ಹೊಟ್ಟೆ ಬಿರಿಯುವಷ್ಟು ತಿಂದು ಉಳಿದದ್ದನ್ನು ಬಿಟ್ಟಿತು. ಬಸ್ ಸ್ಟಾಪಿಗೆ ಹೋಗುವಾಗ ಹಿಂದಿನಿಂದ ಗಂಟೆ ಕೇಳಿತು. ನಿಂತೆ ಎಂದು ಬರೆಯಲು ಮನಸ್ಸಾಗುತ್ತದೆ. ನಿಲ್ಲಲಿಲ್ಲ.

ಹೊಟ್ಟೆ ತುಂಬಿದ್ದ ಮರಿ ಹಿತ್ತಿಲಿಗೆ ಹೋಗದೆ ಹಳಿಯ ಕಡೆಗೆ ಓಡಿತ್ತು. ಸಂಜೆ ನಾನು ಬರುವಾಗ ಗೇಟಿನವರು ಅದನ್ನು ಮಣ್ಣು ಮಾಡಿ ಆಗಿತ್ತು. ಹೆಂಡತಿ ಅಳುತ್ತ, ಗಂಟೆ ಹೊಡೆದಾಗ ತುತ್ತು ಯಾಕೆ ಇಡಲಿಲ್ಲ ಎಂದು ಅವರನ್ನು ಕೇಳುತ್ತಿದ್ದಳು. ಮರಿಯ ತಟ್ಟೆಯನ್ನು ಯಾರೋ ತೊಳೆದು ಕಲ್ಲಿನ ಮೇಲೆ ಕವುಚಿ ಇಟ್ಟಿದ್ದರು. ಗೇಟಿನವರು ಒಮ್ಮೆ ನನ್ನ ಮುಖ ನೋಡಿದರು.

"ಮರೆತು ಹೋಯಿತು ಮಗಳೇ," ಎಂದರು. "ಪ್ರಾಯ ಆಯಿತಲ್ಲ."

ನಾನು ಚಪ್ಪಲಿ ಕಳಚುತ್ತಿದ್ದೆ. ಕಳಚುತ್ತಲೇ ಇದ್ದೆ.

ಮತ್ತೆ ನಾವು ಅಲ್ಲಿದ್ದಷ್ಟು ದಿನ ಅವಳು ಅವರೊಡನೆ ಮಾತಾಡಲಿಲ್ಲ. ಓಣಂ ರಜೆಯಲ್ಲಿ ಅವರು ಇನ್ನೊಂದು ಮರಿಯನ್ನು ಚೀಲದಲ್ಲಿ ಹಿಡಿದುಕೊಂಡು ಬಂದು ಅಂಗಳದಲ್ಲಿ ನಿಂತರು. ಅವಳು ಬಾಗಿಲು ಹಾಕಿದಳು. ನಾನು ಒಳಗೇ ಇದ್ದೆ.

ಆಮೇಲೆ ನನಗೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ತಿಂಗಳುಗಳ ನಂತರ ಯಾರದೋ ಮಾತಿನ ನಡುವೆ ತಿಳಿಯಿತು. ಇಷ್ಟು ವರ್ಷ ಈ ಕತೆ ಹೇಳುವಾಗಲೆಲ್ಲ ಮರೆತವರು ಅವರೇ ಆಗಿದ್ದರು. ಹೇಳಿ ಹೇಳಿ ನನಗೂ ಹಾಗೇ ಕಾಣತೊಡಗಿತ್ತು...

ಬದಿಯಡ್ಕದಿಂದ ಬಂದ ಸಂಜೆ ಹೆಂಡತಿಗೆ ಹಾಲನ್ನದ ವಿಷಯ ಹೇಳಿದೆ. ಅವಳು ಬಿಡಿಸುತ್ತಿದ್ದ ಬಸಳೆಯನ್ನು ಕೆಳಗಿಟ್ಟಳು. ಕೇಳಿದಳು: "ಅವರು ಚೀಲ ಹಿಡಿದು ಬಂದ ದಿನ, ಬಾಗಿಲು ಹಾಕಿದ್ದು ನಾನಲ್ಲವಾ?"

ಹೌದು ಎಂದೆ. ಅವಳು ಮತ್ತೆ ಬಸಳೆ ಕೈಗೆತ್ತಿಕೊಳ್ಳಲಿಲ್ಲ.