‘ನೀನು’ ಎನ್ನಲು ಬಾರದ ಮುದ್ರಕ

ತ್ರುವಾ ಪಟ್ಟಣದ ಮುದ್ರಕ ಅನ್ಸೆಲ್ಮ್ ಕೋರ್ಬೆಗೆ ಬೆನ್ನುಮೂಳೆ ಇದೆಯೋ ಇಲ್ಲವೋ ಎಂಬುದು ಹೆಂಡತಿ ಓದಿಲ್‌ಗೇ ಅನುಮಾನ. ರಾಜನಿದ್ದಾಗ ಬಿಷಪ್ಪರ ಪ್ರಾರ್ಥನೆಯ ಪುಸ್ತಕ ಅಚ್ಚು ಹಾಕಿ, ಮಂಡಿಯೂರಿ ಒಪ್ಪಿಸಿ ಬಂದವನು. ಪ್ಯಾರಿಸ್ಸಿನಲ್ಲಿ ಜನ ಸೆರೆಮನೆ ಒಡೆದ ಸುದ್ದಿ ಬಂದದ್ದೇ ತಡ, ಅದೇ ಬಿಷಪ್ಪರನ್ನು ಕೊಬ್ಬಿದ ಹಂದಿಯೆಂದು ಬೈಯುವ ಕರಪತ್ರ ಮಾರಲು ಕೂತ. ಅಂಗಡಿಯ ಹಲಗೆಯ ಮೇಲೆ ‘ರಾಜರ ಮುದ್ರಕ’ ಹೋಗಿ ‘ರಾಷ್ಟ್ರದ ಮುದ್ರಕ’ ಬಂತು. ‘ರಾ’ ಹಾಗೇ ಉಳಿಯಿತಲ್ಲ ಎಂದು ಖುಷಿಪಟ್ಟ ಪುಣ್ಯಾತ್ಮ.

ರಾಜನ ತಲೆ ಹೋದ ಮೇಲೆ ಊರಿನ ಸಮಿತಿ ಹೊಸ ಕಟ್ಟಳೆ ತಂದಿತು: ಇನ್ನು ‘ನೀವು’, ‘ತಾವು’ ಯಾರಿಗೂ ಇಲ್ಲ, ಎಲ್ಲರಿಗೂ ‘ನೀನು’. ಅದನ್ನು ಸಾರುವ ಭಿತ್ತಿಪತ್ರದ ಕೆಲಸ ಅನ್ಸೆಲ್ಮ್‌ಗೆ ಸಿಕ್ಕಿತು. ಕೊಟ್ಟವನು ಸಮಿತಿಯ ಮುಖ್ಯಸ್ಥ ಬ್ರುಶೋ. ಹಿಂದೆ ಪುಸ್ತಕದ ರಟ್ಟಿಗೆ ಚರ್ಮ ಹದಮಾಡಿ ತರುತ್ತಿದ್ದವನು. “ಏ ಬ್ರುಶೋ, ನಾರ್ತೀಯ, ಹೊರಗೇ ನಿಲ್ಲು” ಎಂದು ಅನ್ಸೆಲ್ಮ್‌ನಿಂದಲೇ ಅನ್ನಿಸಿಕೊಳ್ಳುತ್ತಿದ್ದವನು. ಈಗ ಅವನು ಕೈ ತೋರಿಸಿದವರು ಸೆರೆಮನೆ ಸೇರುತ್ತಿದ್ದರು.

ಅನ್ಸೆಲ್ಮ್ ತಾನೇ ಅಚ್ಚಿನ ಅಕ್ಷರದ ಮೊಳೆ ಜೋಡಿಸಿದ.

“ಕರಡು ಒಂದ್ಸಲ ನೋಡ್ತೀನಿ, ಕೊಡಿ” ಎಂದಳು ಓದಿಲ್.

“ನಿಂಗೇನ್ ಗೊತ್ತಾಗುತ್ತೆ? ಮಗು ಅಳ್ತಿದೆ, ಹೋಗು.”

ಮರುದಿನ ಸಂತೆಯಲ್ಲಿ ಎಲೆಕೋಸು ಮಾರುವವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಹೀಗಿತ್ತು: ‘ಪ್ರಜೆಯೇ, ತಾವು ದಯಮಾಡಿ ಎಲ್ಲರನ್ನೂ ನೀನು ಎಂದೇ ಕರೆಯತಕ್ಕದ್ದು.’

ಬ್ರುಶೋ ಹರಿದ ಹಾಳೆ ಹಿಡಿದು ಬಾಗಿಲಿಗೆ ಬಂದ.

“ಇದೇನೋ ಕೋರ್ಬೆ? ಸಮಿತೀನ ಗೇಲಿ ಮಾಡ್ತೀಯಾ?”

“ಅಯ್ಯೋ, ತಾವು ಹಾಗನ್ಕೋಬೇಡಿ ಸ್ವಾಮಿ…”

“ಮತ್ತೆ ತಾವು! ಮೇಲೆ ಸ್ವಾಮಿ ಬೇರೆ! ಜೋಡಿಸಿದ್ದು ಯಾರು?”

ಅನ್ಸೆಲ್ಮ್‌ನ ಮಸಿ ಬೆರಳು ಎದ್ದಿತು. “ಇವಳು. ನಾನು ನೋಡೇ ಇಲ್ಲ.”

ಮಗುವಿಗೆ ಹಾಲೂಡಿಸುತ್ತಿದ್ದ ಓದಿಲ್‌ಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು. ಒಪ್ಪಿಕೊಂಡರೆ ಅವಳಿಗೆ ಸೆರೆ, ಮಗುವಿಗೆ ಹಾಲಿಲ್ಲ. ಅವನನ್ನು ಹಿಡಿದುಕೊಟ್ಟರೆ ಅಂಗಡಿಗೆ ಬೀಗ. ಅವಳು ಶಾಲು ಎಳೆದುಕೊಂಡು ಎದ್ದಳು.

“ಒಳಗ್ ಬಾ ಬ್ರುಶೋ, ಕೂತ್ಕೋ. ನೀನು ಹೊರಗೆ ನಿಂತಿದ್ದು ಸಾಕು. ನಾನು ಜೋಡಿಸಿದ್ರೆ ಈ ತಪ್ಪು ಬರ್ತಿತ್ತಾ, ನೀನೇ ಹೇಳು. ಇವರು ದ್ರೋಹಿ ಅಲ್ಲ, ಪುಕ್ಕಲು. ಪುಕ್ಕಲರನ್ನೆಲ್ಲ ಒಳಗೆ ಹಾಕಿದ್ರೆ ನಿನ್ನ ಸಮಿತಿಗೆ ಚಪ್ಪಾಳೆ ತಟ್ಟೋರು ಯಾರು? ಸಂಜೆಯೊಳಗೆ ಸರಿಯಾದ್ದು ಅಂಟಿಸ್ತೀನಿ.”

ಬ್ರುಶೋ ಅವಳನ್ನೇ ನೋಡಿ ಗಹಗಹಿಸಿದ. “ಇನ್ಮೇಲೆ ಸಮಿತಿ ಕೆಲಸ ನಿನ್ನ ಹೆಸರಿಗೆ. ಇವನು ಮೊಳೆ ಮುಟ್ಟಿದ್ದು ಗೊತ್ತಾದ್ರೆ ನೋಡು!”

ಬ್ರುಶೋನ ಹೆಜ್ಜೆಸದ್ದು ಅಡಗುವವರೆಗೂ ಅನ್ಸೆಲ್ಮ್ ಬಾಗಿಲಿನತ್ತಲೇ ನೋಡುತ್ತಿದ್ದ. ಆಮೇಲೆ ಹೆಂಡತಿಯ ಕಡೆ ತಿರುಗಿ, ಹಿಂದೆ ಬಿಷಪ್ಪರ ಮುಂದೆ ಬಾಗಿದಂತೆಯೇ ಬಾಗಿದ.

“ತಾವು… ತಪ್ಪು ತಿಳ್ಕೋಬಾರ್ದು.”

ಓದಿಲ್ ಮಗುವನ್ನು ಅವನ ಕೈಗೆ ತುರುಕಿದಳು. “ಬಟ್ಟೆ ಒದ್ದೆ ಮಾಡ್ಕೊಂಡಿದೆ. ನೀನು ಬದಲಾಯಿಸು.”

ಗಂಡನಿಗೆ ಅವಳು ‘ನೀನು’ ಎಂದದ್ದು ಅದೇ ಮೊದಲು. ಕಟ್ಟಳೆಯಲ್ಲಿ ಅಷ್ಟಾದರೂ ಒಳ್ಳೆಯದಿದೆ ಎಂದುಕೊಂಡು ಅಂಗಿಯ ತೋಳು ಮೇಲಕ್ಕೆ ಮಡಚಿ, ಮೊಳೆಪೆಟ್ಟಿಗೆಯ ಮುಂದೆ ನಿಂತಳು.