ಕೋಟು ತೊಟ್ಟವರೆಲ್ಲ ವಿಜ್ಞಾನಿಗಳು

ದೊಡ್ಡವರ ಜೀವನ ಚರಿತ್ರೆಗಳ ಮೇಲೆ ನನಗಿರುವ ತಕರಾರು ಇಷ್ಟೇ: ಅವರೆಲ್ಲ ಹೊಳೆ ಈಜಿದ್ದಾರೆ. ವಿಜ್ಞಾನಿ ಈಜಿಕೊಂಡು ಶಾಲೆಗೆ ಹೋದ, ಗವಾಯಿ ಈಜಿಕೊಂಡು ಗುರುವಿನ ಮನೆಗೆ ಹೋದ, ಮುಂದೆ ಮಂತ್ರಿಯಾದವನಂತೂ ಪಾಟಿಚೀಲವನ್ನು ತಲೆಯ ಮೇಲೆ ಹೊತ್ತು ಈಜಿದ. ದಡ ಸೇರಿದ ಮೇಲೆ ಎಲ್ಲರೂ ಬೀದಿದೀಪದ ಕೆಳಗೆ ಕುಳಿತು ಓದಿದರು. ನಾನು ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಜಿಲ್ಲೆಯಲ್ಲಿ ಹುಟ್ಟಿದವನು. ನಮ್ಮ ಹೊಳೆಯನ್ನು ದಿನಾ ಈಜುವ ಹುಡುಗ ಏಳನೇ ತರಗತಿ ಮುಗಿಸುವುದರೊಳಗೆ ಮೊಸಳೆಯ ಪಾಲಾಗಿರುತ್ತಾನೆ. ಜೀವನ ಚರಿತ್ರೆ ಬರೆಸಿಕೊಳ್ಳುವಷ್ಟು ಕಾಲ ಉಳಿಯುವುದಿಲ್ಲ.

ಇದನ್ನು ನಾನು ಮಾನ್ವಿಯ ಒಂದು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಹೇಳಿದೆ. ವಿಷಯ: ‘ಮಹನೀಯರ ಚರಿತ್ರೆ ಓದಿದರೆ ಯುವಜನರು ಉದ್ಧಾರವಾಗುತ್ತಾರೆ’. ನಮ್ಮ ಕಡೆಯ ಸ್ಪರ್ಧೆಗಳ ನಿಯಮ ಹೀಗೆ: ಒಂದೇ ಕಾಲೇಜಿನಿಂದ ಇಬ್ಬರು ಹೋಗಬೇಕು, ಒಬ್ಬ ಪರ, ಒಬ್ಬ ವಿರೋಧ, ಇಬ್ಬರ ಅಂಕ ಕೂಡಿಸಿ ಪಾರಿತೋಷಕ ಕೊಡುತ್ತಾರೆ. ಅಂದರೆ ವೇದಿಕೆಯ ಮೇಲೆ ಯಾರ ಮಾತನ್ನು ಚಿಂದಿ ಮಾಡಿದ್ದೆನೋ ಅವನ ಜೊತೆಯಲ್ಲೇ ವಾಪಸು ಬರುವಾಗ ಮಿರ್ಚಿ ಭಜಿ ಹಂಚಿಕೊಂಡು ತಿಂದೆ. ಪಾರಿತೋಷಕ ನಮ್ಮಿಬ್ಬರ ನಡುವಿನ ಸೀಟಿನಲ್ಲಿ ಕುಳಿತಿತ್ತು.

ಎಲ್ಲರಿಗೂ ಸಂತೋಷವಾಯಿತು, ಸೋದರಮಾವನೊಬ್ಬನನ್ನು ಬಿಟ್ಟು.

“ಲೇ ಅಳಿಯಾ, ದೊಡ್ಡವರ ಮ್ಯಾಲಿನ ನಂಬಿಕಿ ಹೋತು ಅಂದ್ರ ನಾ ಅಂಗಡಿ ಬಾಗಲಾ ಹಾಕ್ಬೇಕಾಗ್ತದ. ಮಾತಾಡೂ ಮುಂದ ಮಾವನ ಹೊಟ್ಟಿ ಕಡಿ ಒಂಚೂರು ನೋಡು.”

ಅವನ ಸಿಟ್ಟಿಗೆ ಕಾರಣವಿತ್ತು. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯೊಂದರಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಅವನದು. ಬಲಗೋಡೆ ದೊಡ್ಡವರದ್ದು. ಜಯಂತಿ ಬಂದಾಗ ಶಾಲೆಯವರು, ಕಚೇರಿಯವರು ಬಾಡಿಗೆಗೆ ಒಯ್ಯುತ್ತಾರೆ. ಹಾರ ಹಾಕಿ, ಊದಿನಕಡ್ಡಿ ಬೆಳಗಿ, ಭಾಷಣ ಮುಗಿದ ಮೇಲೆ ತಂದು ಕೊಡುತ್ತಾರೆ. ಎಡಗೋಡೆ ತೀರಿಹೋದವರದ್ದು: ಸುತ್ತಲಿನ ಹಳ್ಳಿಗಳ ಅಪ್ಪ, ಅವ್ವ, ಅಜ್ಜಂದಿರು ಅಲ್ಲಿ ಮಕ್ಕಳು ಬಂದು ಕರೆದೊಯ್ಯಲಿ ಎಂದು ಕಾಯುತ್ತಿರುತ್ತಾರೆ.

ಮಾವ ದೊಡ್ಡವರನ್ನು ಉಡುಪಿನ ಮೇಲೆ ವಿಂಗಡಿಸುತ್ತಿದ್ದ. ಕಾವಿ ಇದ್ದರೆ ಧರ್ಮ, ಶಾಲು ಇದ್ದರೆ ಸಾಹಿತ್ಯ, ತಂಬೂರಿ ಇದ್ದರೆ ಸಂಗೀತ, ಲಂಗೋಟಿ ಇದ್ದರೆ ಕುಸ್ತಿ, ಕೋಟು ಇದ್ದರೆ ವಿಜ್ಞಾನ.

“ಕೋಟು ಹಾಕ್ಕೊಂಡ ಸಾಹಿತಿ ಇದ್ರ ಏನ್ಮಾಡ್ತಿ ಮಾವಾ?”

“ಅಂಥಾವ್ರನ್ನ ನಾ ಇಡೂದಿಲ್ಲ. ಗಿರಾಕಿಗೆ ಗಲಿಬಿಲಿ ಆಗ್ತದ.”

“ಯಾರಾದ್ರೂ ಮುಖ ನೋಡಿ ಇವರಲ್ಲ ಅಂದ್ರ?”

“ಮಂದಿ ಮುಖ ಎಲ್ಲಿ ನೋಡ್ತಾರೋ? ಹಾರ ನೋಡ್ತಾರ, ಕೈ ಮುಗೀತಾರ.”

ಎಡಗೋಡೆಯ ಜವಾಬ್ದಾರಿ ಭಾಯಿಯದು. ಅಂಗಡಿಯ ಮೂಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಹಳೆಯ, ಮಾಸಿದ, ಹರಿದ ಚಿತ್ರಗಳಿಂದ ಹೊಸ ಫೋಟೋ ಎಬ್ಬಿಸುವ ಕಲಾವಿದ ಅವನು. ಹಳ್ಳಿಯವರು ತರುವ ಚಿತ್ರಗಳಲ್ಲಿ ಅಪ್ಪಂದಿರು ಬನಿಯನ್ನಿನಲ್ಲೋ ಹೆಗಲ ಮೇಲಿನ ಟವಲಿನಲ್ಲೋ ಇರುತ್ತಾರೆ. ಭಾಯಿ ಅವರಿಗೆಲ್ಲ ಕೋಟು ತೊಡಿಸುತ್ತಾನೆ. ಅವನ ಕಂಪ್ಯೂಟರಿನಲ್ಲಿರುವುದು ಒಂದೇ ಕೋಟು, ಕಡುನೀಲಿ, ಕೆಂಪು ಟೈ ಸಮೇತ. ಜಿಲ್ಲೆಯ ಅರ್ಧ ಮನೆಗಳ ಗೋಡೆಯ ಮೇಲೆ ಅದೇ ಕೋಟು ತೂಗುತ್ತಿದೆ. ಕುತ್ತಿಗೆ ಮಾತ್ರ ಬೇರೆ ಬೇರೆ. ಯಾಕೆ ಭಾಯಿ ಹೀಗೆ ಎಂದು ಕೇಳಿದರೆ, “ಮರೇ ಬಾದ್ ಸಬ್ ಸಾಬ್ ಲೋಗಾಂಚ್” ಎಂದು ನಗುತ್ತಾನೆ. ಸತ್ತ ಮೇಲೆ ಎಲ್ಲರೂ ಸಾಹೇಬರೇ ಅಂತೆ.

ಕಳೆದ ವರ್ಷ ದೇವದುರ್ಗದ ಹೈಸ್ಕೂಲೊಂದು ‘ಸಾಧಕರ ದಿನ’ ಆಚರಿಸಿತು. ಎಲ್ಲ ಕ್ಷೇತ್ರದ ಸಾಧಕರ ಫೋಟೋಗಳನ್ನು ವೇದಿಕೆಯ ಮೇಲೆ ಸಾಲಾಗಿ ಇಡುವುದು, ಒಂದೊಂದರ ಪಕ್ಕ ಒಬ್ಬ ವಿದ್ಯಾರ್ಥಿ ನಿಂತು ಅವರ ಜೀವನ ಹೇಳುವುದು, ಚೆನ್ನಾಗಿ ಹೇಳಿದವರಿಗೆ ಬಹುಮಾನ. ಫೋಟೋ ಮಾವನ ಅಂಗಡಿಯವು. ತೀರ್ಪುಗಾರ ನಾನು. ಅಳಿಯ ತೀರ್ಪುಗಾರನಾದರೆ ಫೋಟೋ ಸಾಗಿಸಲು ಬೇರೆ ಆಳು ಬೇಕಿಲ್ಲ ಎಂಬುದು ಮಾವನ ಲೆಕ್ಕಾಚಾರ.

ಬೆಳಿಗ್ಗೆ ಮಾವನೇ ಫೋಟೋಗಳನ್ನು ಆರಿಸಿ, ಚಾದರದಲ್ಲಿ ಸುತ್ತಿ ಕಟ್ಟಿದ್ದ. ನಾನು ಗಂಟು ಬಿಚ್ಚಿ ನೋಡಲಿಲ್ಲ. ಬಸ್ಸಿನಲ್ಲಿ ಅದನ್ನು ಪಕ್ಕದ ಸೀಟಿನಲ್ಲಿ ಕೂರಿಸಿದ್ದಕ್ಕೆ ಕಂಡಕ್ಟರ್ ಗೊಣಗಿದ.

“ಏನ್ರೀ ಅದು? ಸೀಟ್ ಹಿಡದಾವ, ಟಿಕೆಟ್ ತಗೊಳ್ರಿ.”

“ದೊಡ್ಡ ದೊಡ್ಡ ಸಾಧಕರ್ರಿ.”

“ಹಂಗಾದ್ರ ತೊಡಿ ಮ್ಯಾಲೆ ಕುಂದರ್ಸ್ಕೊಳ್ರಿ. ಸಾಧಕರ್ಗೆ ಪಾಸ್ ಇಲ್ಲ.”

ಕಲ್ಮಲ ದಾಟುವ ಹೊತ್ತಿಗೆ ಇಡೀ ನಾಡಿನ ಕೀರ್ತಿ ನನ್ನ ಮೊಣಕಾಲಿನ ಮೇಲಿತ್ತು.

ಶಾಲೆಯ ಹೆಡ್‌ಮಾಸ್ತರರು ಶಿಸ್ತಿನ ಮನುಷ್ಯ. ಫೋಟೋಗಳನ್ನು ತಾವೇ ಜೋಡಿಸಿ, ಕನಕಾಂಬರದ ಹಾರ ಹಾಕಿಸಿ, ರಶೀದಿಗೆ ರುಜು ಮಾಡಿದರು. ಸ್ಪರ್ಧೆ ಸುರುವಾಯಿತು. ಕವಿ ಹೊಳೆ ಈಜಿದರು. ಪೈಲ್ವಾನರು ಹೊಳೆ ಈಜಿದರು. ಅವರ ವಿಷಯದಲ್ಲಿ ನಾನು ನಂಬಲು ಸಿದ್ಧನಿದ್ದೆ. ಗಾಯಕಿಯೊಬ್ಬರು ಮಾತ್ರ ದೋಣಿಯಲ್ಲಿ ದಾಟಿದಾಗ ನನಗೆಷ್ಟು ಸಂತೋಷವಾಯಿತೆಂದರೆ ಅದನ್ನು ಹೇಳಿದ ಹುಡುಗನಿಗೆ ಎರಡು ಅಂಕ ಹೆಚ್ಚು ಹಾಕಿದೆ.

ಆಮೇಲೆ ಎರಡು ಜಡೆಯ ಹುಡುಗಿಯೊಬ್ಬಳು ವಿಜ್ಞಾನಿಯ ಪಕ್ಕ ನಿಂತಳು. ಆ ವಿಜ್ಞಾನಿಯ ಹೆಸರು ಪಠ್ಯಪುಸ್ತಕದಲ್ಲಿತ್ತು, ಚಿತ್ರವಿರಲಿಲ್ಲ. “ಇಗೋ, ಈ ತೇಜಸ್ವಿ ಮುಖವನ್ನು ನೋಡಿರಿ!” ಎಂದು ಕೈ ಚಾಚಿದಳು. ತೀರ್ಪುಗಾರನಾದ ತಪ್ಪಿಗೆ ನಾನೊಬ್ಬ ನಿಜಕ್ಕೂ ನೋಡಿದೆ.

ಮುಖ ಗೊತ್ತಾಗಲಿಲ್ಲ. ಕೋಟು ಗೊತ್ತಾಯಿತು. ಕಡುನೀಲಿ, ಕೆಂಪು ಟೈ.

ಅಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು. ಹೊರಗೆ ಬಂದು ಎತ್ತಿದೆ.

“ಅಳಿಯಾ,” ಮಾವನ ದನಿ ಅಳುವಂತಿತ್ತು, “ಮಸರಕಲ್ಲಿನವರ ಅಪ್ಪ ಕಾಣವಲ್ಲ.”

“ಇಲ್ಲೇ ಅದಾನ ಮಾವಾ. ವಿಜ್ಞಾನಿ ಆಗ್ಯಾನ.”

ನಂತರ ವಿಷಯ ಹೊರಬಿತ್ತು. ಮಸರಕಲ್ಲಿನ ರೈತನೊಬ್ಬನ ತಂದೆ ತೀರಿ ವರ್ಷವಾಗಿತ್ತು; ಮರುದಿನ ಮುಂಜಾನೆ ವರ್ಷದ ಕಾರ್ಯ. ಆ ಮನುಷ್ಯ ಬದುಕಿದ್ದಾಗ ಒಂದೇ ಒಂದು ಚಿತ್ರಕ್ಕೆ ಸಿಕ್ಕಿದ್ದ, ಬೀಗರ ಮದುವೆಯ ಊಟದ ಪಂಕ್ತಿಯಲ್ಲಿ. ಅದರಿಂದ ಭಾಯಿ ಫೋಟೋ ಎಬ್ಬಿಸಿ, ಕೋಟು ತೊಡಿಸಿ, ಕಟ್ಟು ಹಾಕಿ ಒಣಗಲು ಇಟ್ಟಿದ್ದ. ಬಲಗೋಡೆಗೆ ಒರಗಿಸಿ ಇಟ್ಟಿದ್ದ. ಮಾವ ಕೋಟು ನೋಡಿದ, ಚಾದರದಲ್ಲಿ ಹಾಕಿದ.

“ಭಾಯಿಗೆ ಇನ್ನೊಂದ್ ತೆಗೀಲಿಕ್ಕೆ ಬರೂದಿಲ್ಲೇನು?”

“ದೊಡ್ಡ ಪ್ರಿಂಟ್ ಹೈದರಾಬಾದಿನಿಂದ ಬರಬೇಕೋ, ಎರಡ್ ದಿನ! ಮಗ, ಅವ್ವ ಇಬ್ರೂ ದೇವದುರ್ಗದ ಬಸ್ ಹತ್ಯಾರ. ಫೋಟೋ ಇಲ್ದ ಕಾರ್ಯ ಹೆಂಗ ಮಾಡೂದು ಅಂತ ಆ ಹಿರೇಮನುಷ್ಯಾಳು ನನ್ನ ಅಂಗಡ್ಯಾಗ ಅತ್ತಾಳ. ಅವರ ಕೈಯಾಗ ಇಟ್ಟು ಬಾ. ಮತ್ತ ನಿನ್ನ ಕಾಲಿಗೆ ಬೀಳ್ತೀನಿ, ವಾದಕ್ಕ ಇಳೀಬ್ಯಾಡ.”

ಮಗ, ಅವ್ವ ಬಂದಾಗ ಉಳಿದ ಸಾಧಕರೂ ಹೊಳೆ ದಾಟಿ ಮುಗಿದಿತ್ತು. ಬಹುಮಾನ ಘೋಷಣೆಗೆ ಮುನ್ನ ಮುಖ್ಯ ಅತಿಥಿಗಳ ಪುಷ್ಪಾರ್ಚನೆ ಬಾಕಿ. ಅತಿಥಿಗಳು ಇನ್ನೂ ಬಂದಿರಲಿಲ್ಲ. ಫೋಟೋವನ್ನು ಭಾಯಿಯ ಕಂಪ್ಯೂಟರಿನಲ್ಲಿ ಮೊದಲೇ ನೋಡಿದ್ದ ಮಗ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನೇರ ವೇದಿಕೆಯತ್ತ ಬಂದು ಬೆರಳು ತೋರಿಸಿದ.

“ನಮ್ಮಪ್ಪಾರ್ರೀ ಇವ್ರು!”

ಹೆಡ್‌ಮಾಸ್ತರರ ಮುಖ ಅರಳಿತು. “ವಿಜ್ಞಾನಿಗಳ ಪುತ್ರರೇ? ಬರ್ರಿ, ಬರ್ರಿ! ಏ, ಒಂದ್ ಕುರ್ಚಿ ಹಾಕ್ರೋ! ಮೊದ್ಲೇ ತಿಳಿಸೂದಲ್ಲೇನ್ರೀ? ನಮ್ಮ ಭಾಗ್ಯ!”

ಮಕ್ಕಳು ಚಪ್ಪಾಳೆ ತಟ್ಟಿದರು. ಮಗ ಕುರ್ಚಿಯನ್ನೂ ಚಪ್ಪಾಳೆಯನ್ನೂ ನೋಡಿ ಗಾಬರಿಯಾದ. “ಇಲ್ರೀ ಸರ್, ನಮ್ಮಪ್ಪ ವಿಜ್ಞಾನಿ ಅಲ್ರೀ. ತೊಗರಿ ಬಿತ್ತಾವ್ರೀ.”

ನಾನು ಮಧ್ಯೆ ಬಂದು ನಡೆದದ್ದನ್ನು ಹೇಳಿದೆ. ಹೆಡ್‌ಮಾಸ್ತರರ ಮುಖ ಅರಳಿದಷ್ಟೇ ವೇಗದಲ್ಲಿ ಮುದುಡಿತು. “ಹಿಂಗಂದ್ರ ಹೆಂಗ್ರೀ? ನಾ ರುಜು ಮಾಡಿ ತಗೊಂಡೀನಿ. ಯಾರೋ ಬಂದು ನಮ್ಮಪ್ಪ ಅಂದ್ರ ಕೊಡಾಕ ಬರ್ತದೇನು? ನಾಳಿ ಇನ್ನೊಬ್ಬ ಬಂದು ಕವಿನ ನಮ್ಮ ಕಾಕಾ ಅಂತಾನ. ಪುರಾವಿ ಏನದ?”

ಒಪ್ಪಬೇಕಾದ ಮಾತು. ಅವರ ಜಾಗದಲ್ಲಿ ನಿಂತಿದ್ದರೆ ನಾನೂ ಪುರಾವೆ ಕೇಳುತ್ತಿದ್ದೆ.

“ಪುರಾವಿ ನಮ್ಮವ್ವ ಅದಾಳಲ್ರೀ,” ಎಂದು ಮಗ ತಾಯಿಯನ್ನು ಮುಂದೆ ಕರೆತಂದ. “ಯವ್ವಾ, ನೋಡವ್ವ. ಹೇಳು ಇವರ್ಗೆ.”

ಆಕೆ ಕಣ್ಣು ಕಿರಿದು ಮಾಡಿ ನೋಡಿದಳು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ.

“ಯಾರಲೇ ಇಂವ?”

ಹೆಡ್‌ಮಾಸ್ತರರು ಕೈಕಟ್ಟಿ ನನ್ನತ್ತ ನೋಡಿದರು.

“ಯವ್ವಾ! ಅಪ್ಪ ಅಲ್ಲೇನು?”

“ಹೋಗಲೇ. ಇಂವ ಯಾವನೋ ಸಾಹೇಬ ಅದಾನ. ಬಾಯಿ ಬ್ಯಾರೆ ಮುಚ್ಚಿಕೊಂಡಾನ. ನಿಮ್ಮಪ್ಪ ಯಾವತ್ತರ ಬಾಯಿ ಮುಚ್ಚಿದ್ನೇನು?”

ನನಗೆ ಥಟ್ಟನೆ ತಿಳಿಯಿತು. ಪಂಕ್ತಿಯಲ್ಲಿ ಕುಳಿತ ಮನುಷ್ಯ ಬಡಿಸುವವನ ಜೊತೆ ಜಗಳಕ್ಕೆ ಬಾಯಿ ತೆರೆದಿರಬೇಕು. ಭಾಯಿ ಅದನ್ನು ಮುಚ್ಚಿ, ಮೀಸೆ ತಿದ್ದಿ, ಕೋಟು ಏರಿಸಿ, ಹೆಂಡತಿಗೇ ಗುರುತು ಸಿಗದಂತೆ ದೊಡ್ಡವನನ್ನಾಗಿ ಮಾಡಿದ್ದ. ಆಕೆ ನಾಳೆ ಯಾರಿಗೆ ಎಡೆ ಇಡಬೇಕು? ಮಾವ ವಾದ ಬೇಡವೆಂದಿದ್ದ. ಆದರೆ ಇಲ್ಲಿ ಮಾತಿನಿಂದ ಏನೂ ಸಾಬೀತಾಗುವಂತಿರಲಿಲ್ಲ. ಮಗನ ಹೆಗಲ ಮೇಲಿದ್ದ ಟವಲನ್ನು ಎಳೆದುಕೊಂಡೆ. ಹಾರ ಸರಿಸಿ, ಫೋಟೋದ ಕೋಟು, ಟೈ ಎಲ್ಲ ಮುಚ್ಚುವಂತೆ ಗಾಜಿನ ಮೇಲೆ ಟವಲು ಹೊದಿಸಿದೆ. ಇನ್ನು ಬಾಯಿ. ಮೀಸೆಯ ಕೆಳಗೆ ನನ್ನ ಅಂಗೈ ಅಡ್ಡ ಇಟ್ಟೆ.

ಕಣ್ಣು, ಹಣೆ, ಮೀಸೆ, ಟವಲು. ಅಷ್ಟೇ ಉಳಿಯಿತು.

ಆಕೆಯ ಕೈ ಸೆರಗಿಗೆ ಹೋಯಿತು. ತಲೆಯ ಮೇಲೆ ಎಳೆದುಕೊಂಡಳು.

“ಅಯ್ಯ ನನ ಶಿವನ,” ಎಂದಳು. “ಇಲ್ಲಿ ಬಂದು ನಿಂತಾನಲ್ಲೋ.” ನಂತರ ನನ್ನತ್ತ ತಿರುಗಿ, “ಕೈ ತಗೀಯಪ್ಪಾ, ಉಸಿರು ಕಟ್ಟೀತು ಅವಂಗ.”

ಹೆಡ್‌ಮಾಸ್ತರರು ತಾವೇ ಫೋಟೋ ಎತ್ತಿ ಆಕೆಯ ಕೈಗಿಟ್ಟರು. ಹಾರ ತೆಗೆಯಲು ಮಗ ಕೈ ಚಾಚಿದಾಗ, “ಇರ್ಲಿ ಇರ್ಲಿ, ಹಾರ ಒಬ್ರಿಗೆ ಹಾಕಿದ್ ಮ್ಯಾಲೆ ತಗ್ಯೂದಿಲ್ಲ” ಎಂದರು. ಇನ್ನೊಬ್ಬ ಕೋಟುಧಾರಿಯನ್ನು ಖಾಲಿ ಜಾಗಕ್ಕೆ ಸರಿಸಿದರು.

ಎರಡು ಜಡೆಯ ಹುಡುಗಿ ಮಾತ್ರ ಸೊಂಟದ ಮೇಲೆ ಕೈ ಇಟ್ಟು ನನ್ನ ಮುಂದೆ ಬಂದು ನಿಂತಳು.

“ಸರ್, ನಾ ಹೇಳಿದ್ದು ಖರೇ ಅದ. ಫೋಟೋ ಸುಳ್ಳಿತ್ತು. ನನ್ನ ಅಂಕ ಕಡೀತೀರೇನು?”

“ಹೊಳಿ ಈಜಿದ್ದು ಖರೇನೇನವ್ವ?”

“ಅದು ಪುಸ್ತಕದಾಗ ಇಲ್ರೀ. ಎಲ್ರೂ ಹೇಳ್ತಾರ, ನಾ ಒಬ್ಬಾಕಿ ಬಿಟ್ರ ನಮ್ಮ ವಿಜ್ಞಾನಿ ಹಿಂದ ಬೀಳೂದಿಲ್ಲೇನು?”

ಮೊದಲ ಬಹುಮಾನ ಅವಳಿಗೇ ಕೊಟ್ಟೆ. ಭಾಷಣಕ್ಕಲ್ಲ.

ರಾಯಚೂರಿಗೆ ಹೋಗುವ ಬಸ್ಸಿನಲ್ಲಿ ಮಸರಕಲ್ಲಿನವರೆಗೆ ನಾವು ಜೊತೆಗಿದ್ದೆವು. ಉಳಿದ ಸಾಧಕರು ನನ್ನ ತೊಡೆಯ ಮೇಲೆ. ಆಕೆಯ ತೊಡೆಯ ಮೇಲೆ ಗಂಡ, ಟವಲು ಹೊದ್ದು, ಕನಕಾಂಬರ ಹಾಕಿಕೊಂಡು. ಕೋಟು ತೆಗೆಸಿ ಹೊಸದು ಮಾಡಿಸಿಕೊಡುತ್ತೇನೆ, ಮಾವನಿಗೆ ಹೇಳುತ್ತೇನೆ ಎಂದೆ.

“ಬ್ಯಾಡಪ್ಪ. ಮ್ಯಾಲೆ ಟವಲ್ ಹಾಕೇ ಇಡ್ತೀನಿ. ಒಳಗ ಕೋಟು ಇದ್ರ ಇರ್ಲಿ, ಥಂಡಿಗೆ ಆಗ್ತದ.” ಸ್ವಲ್ಪ ದೂರ ಹೋದ ಮೇಲೆ ಆಕೆಯೇ ಕೇಳಿದಳು, “ಆ ಹುಡುಗಿ ಇವನ ಬಗ್ಗೆ ಏನು ಹೇಳಿದ್ಲು?”

“ಹೊಳಿ ಈಜಿದ್ರು ಅಂದ್ಲು ಯವ್ವಾ.”

“ನೀರಂದ್ರ ಅಂಜತಿದ್ದ. ಮತ್ತ?”

“ಬೀದಿದೀಪದ ಕೆಳಗ ಕುಂತು...”

“ಹಾಂ!” ಆಕೆ ಫೋಟೋದ ಮೇಲೆ ಹಗುರವಾಗಿ ತಟ್ಟಿದಳು. “ಅದು ಖರೇ. ದಿನಾ ಕುಂದರತಿದ್ದ. ನಾಕು ಮಂದಿ ಕೂಡಿ ಇಸ್ಪೀಟು. ಉಣ್ಣಾಕ ಬಾ ಅಂತ ಕರದು ಕರದು ನನ್ನ ಗಂಟಲ ಹರೀತಿತ್ತು.”

ಮಸರಕಲ್ ಬಂತು. ಮಗ ಮೊದಲು ಇಳಿದು ಕೈ ಚಾಚಿದ. ಆಕೆ ಅವನಿಗೆ ಫೋಟೋ ಕೊಡಲಿಲ್ಲ. ಎದೆಗೆ ಒತ್ತಿಕೊಂಡು ತಾನೇ ಮೆಟ್ಟಿಲು ಇಳಿದಳು. ಕೆಳಗೆ ನಿಂತು, ಜಾರಿದ್ದ ಟವಲನ್ನು ಅವನ ಹೆಗಲಿಗೆ ಸರಿಯಾಗಿ ಏರಿಸಿ, ಮನೆಯ ಕಡೆ ನಡೆದಳು.