ಮುಖ ಕಾಣದ ದನಿ

ಆಸ್ಪತ್ರೆಯ ಸುಧಾರಣೆ ಶುರುವಾದ ವಾರ ಮನೋವೈದ್ಯಕೀಯ ವಿಭಾಗದ ಮುಖ್ಯಸ್ಥೆಗೆ ರೋಗಿಗಳಿಗಿಂತ ಸಭೆಗಳೇ ಹೆಚ್ಚಾದವು. ಅದುವರೆಗೆ ಅವರೇ ಬಾಗಿಲಿಗೆ ಬಂದು ರೋಗಿಗಳನ್ನು ಕರೆಯುತ್ತಿದ್ದರು. ಸೋಮವಾರ ಬಾಗಿಲ ಮೇಲೆ ಸ್ಪೀಕರ್ ಬಂತು. ಇನ್ನು ಹೆಸರು ಕೂಗುವುದು ಅದೇ. ಮೂರು ಸಲ ಕೂಗಿದರೂ ಬಾರದವರ ಸರದಿ ರದ್ದು.

ಬುಧವಾರ, ತಿಂಗಳ ಚುಚ್ಚುಮದ್ದಿಗೆ ಬರಬೇಕಿದ್ದ ಬಡಗಿ ಒಳಗೆ ಬರಲೇ ಇಲ್ಲ. ಮದ್ದು ತಪ್ಪಿದರೆ ಅವನ ಕಿವಿಯಲ್ಲಿ ಮತ್ತೆ ಯಾರ್ಯಾರೋ ಮಾತಾಡತೊಡಗುತ್ತಾರೆಂದು ಡಾಕ್ಟರಿಗೆ ಗೊತ್ತಿತ್ತು. ಗಾಬರಿಯಿಂದ ಹೊರಗೆ ಬಂದರೆ, ಆತ ಎದುರಿನ ಬೆಂಚಿನಲ್ಲೇ ಕೂತಿದ್ದಾನೆ!

“ಏನಪ್ಪಾ, ಕೂಗಿದ್ದು ಕೇಳಿಸಲಿಲ್ವಾ?”

“ಮೂರು ಸಲಾನೂ ಕೇಳಿಸ್ತು ಮೇಡಂ. ಮುಖ ಕಾಣದ ದನಿಗೆ ಓಗೊಡಬೇಡ ಅಂತ ನೀವೇ ತಾನೇ ಹೇಳಿದ್ದು? ಹಲ್ಲು ಕಚ್ಕೊಂಡು ಕೂತೆ.”

ಬಂದ ನಗುವನ್ನು ಡಾಕ್ಟರು ತಡೆದುಕೊಂಡರು. “ಸರಿಯಾಗೇ ಮಾಡಿದ್ದೀಯ. ಬಾ ಒಳಗೆ.”

ಶುಕ್ರವಾರದ ಸಭೆಯಲ್ಲಿ ಅವರು ಇದನ್ನೇ ಹೇಳಿದಾಗ ಆಡಳಿತಾಧಿಕಾರಿ ಗೊಣಗಿದರು: “ಎಲ್ಲರಿಗೂ ಒಂದೇ ನಿಯಮ ಡಾಕ್ಟ್ರೇ. ನಿಮಗೊಬ್ಬರಿಗೆ ಬೇರೆ ಯಾಕೆ?”

“ನನ್ನ ರೋಗಿಗಳಿಗೆ ಕರೆಯೋರ ಮುಖ ಕಾಣಬೇಕು ಸಾರ್. ನಾನೇ ಕರೀತೀನಿ.”

“ನಿಮ್ಮ ಗಂಟಲು, ನಿಮ್ಮಿಷ್ಟ.”

ಶನಿವಾರ ಆ ಬಾಗಿಲ ಸ್ಪೀಕರಿನ ತಂತಿ ಬಿಚ್ಚಿಟ್ಟಿದ್ದರು. ಡಾಕ್ಟರು ಹೊಸ್ತಿಲಲ್ಲಿ ನಿಂತು ಮೊದಲ ಹೆಸರು ಕರೆದರು. ಬೆಂಚಿನಿಂದ ಒಬ್ಬ ಅಜ್ಜಿ ಎದ್ದು ಬಂದರು.